ಜೇನುಕುಟುಂಬದ ಆಹಾರವಿವೇಕ

ಹೂವಿಗೂ ಜೇನ್ನೊಣಕ್ಕೂ ಇರುವ ನಂಟನ್ನು ಕುರಿತು ಯಾರನ್ನು ಕೇಳಿದರೂ, ಮಕರಂದದ ಸಿಹಿಯನ್ನರಸಿ ನೊಣವು ಹೂವಿಗೆ ಬರುವುದೆಂದೂ, ಅದು ಬಂದುಹೋದುದರ ಫಲವಾಗಿ ಹೂವು ಕಾಯಾಗುವುದೆಂದೂ ಉತ್ತರ ಬರುವುದು. ನಮ್ಮ ಕಾವ್ಯಗಳ ದುಂಬಿಯೂ ಮಕರಂದದಲ್ಲಿಯೇ ಮೈಮರೆಯುವ ಜೀವಿ. ಜೇನುಪೆಟ್ಟಿಗೆಯನ್ನು ತೆರೆದು ನಾವು ತೆಗೆದುಕೊಳ್ಳುವುದೂ ಆ ಸಿಹಿಯನ್ನೇ ಆದುದರಿಂದ, ನೊಣಕ್ಕೆ ಬೇಕಾದುದೂ ಅಷ್ಟೇ ಎಂದು ನಾವು ನಂಬಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಈ ಉತ್ತರ ಸುಳ್ಳಲ್ಲ, ಆದರೆ ಅರ್ಧಸತ್ಯ. ಜೇನುಕುಟುಂಬವೊಂದು ಬಾಳಿ ಬೆಳೆಯಬೇಕಾದರೆ ಸಕ್ಕರೆಯ ಜೊತೆಗೆ ಸಸಾರಜನಕ, ಕೊಬ್ಬು, ಜೀವಸತ್ತ್ವಗಳು, ಖನಿಜಗಳು, ನೀರು ಇವೆಲ್ಲವೂ ತಕ್ಕ ಪ್ರಮಾಣದಲ್ಲಿ ಒದಗಬೇಕು. ಇಷ್ಟನ್ನೂ ತಾನೊಂದೇ ಒದಗಿಸಬಲ್ಲ ಹೂವು ಲೋಕದಲ್ಲಿ ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಹೀಗಿರುವಾಗ, ಸುಮಾರು ಹತ್ತು ಲಕ್ಷ ನರಕೋಶಗಳಷ್ಟೇ ಇರುವ ಪುಟ್ಟ ಮೆದುಳಿನ ಈ ಕೀಟವು, ಯಾವ ಹೂವಿನಲ್ಲಿ ಏನಿದೆ, ತನ್ನ ಮನೆಗೆ ಇಂದು ಬೇಕಾದುದು ಯಾವುದು ಎಂಬ ಲೆಕ್ಕವನ್ನು ಹೇಗೆ ಹಾಕುತ್ತದೆ, ಅಥವಾ ನಿಜವಾಗಿ ಹಾಕುತ್ತದೆಯೇ, ಎಂಬ ಪ್ರಶ್ನೆ ಏಳುವುದು. ಕಳೆದ ನೂರಕ್ಕೂ ಹೆಚ್ಚು ವರ್ಷಗಳ ಶೋಧನೆಗಳು ಈ ಪ್ರಶ್ನೆಗೆ ಕೊಟ್ಟಿರುವ ಉತ್ತರವು, ನೊಣದ ಬಗೆಗೆ ನಮಗಿರುವ ಗೌರವವನ್ನು ಹೆಚ್ಚಿಸುವುದಲ್ಲದೆ, ನಮ್ಮ ಹೊಲ ತೋಟಗಳನ್ನು ಕುರಿತು ಒಂದು ಎಚ್ಚರಿಕೆಯನ್ನೂ ಕೊಡುತ್ತದೆ.

ಮೊದಲು ಕುಟುಂಬದ ಅಗತ್ಯಗಳೇನೆಂಬುದನ್ನು ನೋಡೋಣ. ಮಕರಂದವೆಂಬುದು ಮುಖ್ಯವಾಗಿ ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್ ಎಂಬ ಸಕ್ಕರೆಗಳು ಕರಗಿರುವ ನೀರು. ಹಾರುವುದಕ್ಕೂ, ಮರಿಗಳಿರುವ ಎರಿಗಳನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಪಾಡುವುದಕ್ಕೂ, ಮೇಣವನ್ನು ಸ್ರವಿಸಿ ಮನೆ ಕಟ್ಟುವುದಕ್ಕೂ ಬೇಕಾದ ಇಂಧನ ಅದರಿಂದ ದೊರೆಯುತ್ತದೆ. ಆದರೆ ಇಂಧನದಿಂದ ಮೈ ಕಟ್ಟಲಾಗದು. ಬೆಲ್ಲವನ್ನಷ್ಟೇ ತಿನ್ನಿಸಿ ಮಗುವನ್ನು ಬೆಳೆಸಲಾಗದಂತೆ, ಮಕರಂದವನ್ನಷ್ಟೇ ನೆಚ್ಚಿ ಒಂದು ಮರಿಹುಳುವನ್ನೂ ನೊಣವಾಗಿಸಲಾಗದು. ಸ್ನಾಯು, ಗ್ರಂಥಿ, ಮೆದುಳು, ರೆಕ್ಕೆ ಇವುಗಳಿಗೆ ಬೇಕಾದ ಸಸಾರಜನಕ ಮತ್ತು ಕೊಬ್ಬು ಬರುವುದು ಪರಾಗದಿಂದ, ಎಂದರೆ ಹೂಪುಡಿಯಿಂದ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲಿಯವರು ಯೂರೋಪಿನ ತಳಿಯ ನೊಣಗಳನ್ನು ಕುರಿತು ಮಾಡಿರುವ ಅಂದಾಜಿನಂತೆ, ಕಾಡಿನಲ್ಲಿ ತಾನಾಗಿ ಬಾಳುವ ಒಂದು ಕುಟುಂಬಕ್ಕೆ ವರ್ಷವೊಂದಕ್ಕೆ 120 ಕಿಲೋಗ್ರಾಮಿನಷ್ಟು ಮಕರಂದವೂ 20 ಕಿಲೋಗ್ರಾಮಿನಷ್ಟು ಪರಾಗವೂ ಬೇಕಾಗುವುದು. ನಮ್ಮ ನಾಡಿನ ಜೇನ್ನೊಣವಾದ ತುಡುವೆಯ ಸಂಸಾರ ಅದಕ್ಕಿಂತ ಚಿಕ್ಕದು, ಅದರ ಅಗತ್ಯವೂ ಅದಕ್ಕೆ ತಕ್ಕಂತೆ ಕಡಮೆ. ಆದರೂ ಆ ಅಗತ್ಯಗಳ ಸ್ವರೂಪ ಒಂದೇ.

ಮಕರಂದಗಳಲ್ಲಿ ಭೇದವು ಮುಖ್ಯವಾಗಿ ಸಿಹಿಯ ಹೆಚ್ಚುಕಡಮೆಗೆ ಸಂಬಂಧಿಸಿದ್ದು. ಪರಾಗಗಳ ಭೇದವಾದರೋ ಬಹುಮುಖವಾದುದು. ಕೆಲವು ಗಿಡಗಳ ಪರಾಗದಲ್ಲಿ ಸಸಾರಜನಕವು ನೂರಕ್ಕೆ ಎರಡೂವರೆಯಷ್ಟು ಮಾತ್ರ ಇದ್ದರೆ, ಮತ್ತೆ ಕೆಲವುಗಳಲ್ಲಿ ಅದು ಅರವತ್ತನ್ನು ಮುಟ್ಟುವುದುಂಟು. ಪ್ರಮಾಣದಷ್ಟೇ ಮುಖ್ಯವಾದುವು ಅದರ ಘಟಕಗಳು. ಹಾಲೆಂಡಿನ ಡಿ ಗ್ರೂಟ್ ಎಂಬ ವಿಜ್ಞಾನಿ 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೇನ್ನೊಣವು ತಾನೇ ತಯಾರಿಸಿಕೊಳ್ಳಲಾರದೆ ಆಹಾರದಿಂದಲೇ ಪಡೆಯಬೇಕಾದ ಅಮೈನೋ ಆಮ್ಲಗಳು ಹತ್ತು ಎಂಬುದನ್ನು ತೋರಿಸಿದರು. ಈ ಹತ್ತರಲ್ಲಿ ಯಾವುದಾದರೊಂದು ಕೊರತೆಯಾದರೆ, ಉಳಿದ ಒಂಬತ್ತು ಎಷ್ಟೇ ಸಮೃದ್ಧವಾಗಿದ್ದರೂ ಅವುಗಳ ಪೂರ್ಣಪ್ರಯೋಜನ ದೊರೆಯದು. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಹೇರಳವಾಗಿ ಪರಾಗ ಕೊಡುವ ಮೆಕ್ಕೆಜೋಳದಲ್ಲಿ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲದ ಕೊರತೆಯುಂಟು. ಸೂರ್ಯಕಾಂತಿಯ ಪರಾಗದಲ್ಲಿ ಒಟ್ಟು ಸಸಾರಜನಕವೇ ಕಡಮೆ. ಇದರ ಮೇಲೆ, ಕೀಟಗಳ ಶರೀರವು ಸ್ಟೆರಾಲ್ ಎಂಬ ಕೊಬ್ಬಿನ ಜಾತಿಯ ವಸ್ತುವನ್ನು ಮೂಲದಿಂದ ತಯಾರಿಸಿಕೊಳ್ಳಲಾರದಾದ ಕಾರಣ, ಅದನ್ನೂ ನೊಣವು ಪರಾಗದಿಂದಲೇ ಪಡೆಯಬೇಕು. ಒಮೇಗಾ-3 ಮತ್ತು ಒಮೇಗಾ-6 ಎಂದು ಕರೆಯುವ ಕೊಬ್ಬಿನಾಮ್ಲಗಳೂ ಅಂತೆಯೇ. ಒಂದು ಹೂವಿನಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ. ಆದುದರಿಂದ ಪೂರ್ಣಾಹಾರವೆಂಬುದು ಜೇನುಕುಟುಂಬಕ್ಕೆ ಹಲವು ಹೂಗಳನ್ನು ಕೂಡಿಸಿಯೇ ಸಿದ್ಧಿಸಬೇಕು.

ಇಲ್ಲಿ ಒಂದು ತೊಡಕಿದೆ. ಹೂವನ್ನು ಆರಿಸುವ ನೊಣವೇ ಬೇರೆ, ಪರಾಗವನ್ನು ಉಣ್ಣುವ ನೊಣವೇ ಬೇರೆ. ಕೆಲಸಗಾರ ನೊಣವು ತನ್ನ ಆಯುಸ್ಸಿನ ಮೊದಲ ಭಾಗವನ್ನು ಮನೆಯೊಳಗೆ ಕಳೆಯುತ್ತದೆ. ಆ ಅವಧಿಯಲ್ಲಿ ಅದು ದಾದಿಯಾಗಿ, ಪರಾಗವನ್ನು ಧಾರಾಳವಾಗಿ ತಿಂದು, ತಲೆಯಲ್ಲಿರುವ ಗ್ರಂಥಿಗಳಿಂದ ಹಾಲಿನಂತಹ ಪೋಷಕರಸವನ್ನು ಸ್ರವಿಸಿ, ಮರಿಹುಳುಗಳಿಗೂ ರಾಣಿಗೂ ಉಣಿಸುವುದು. ವಯಸ್ಸಾದಂತೆ ಆ ಗ್ರಂಥಿಗಳು ಕುಗ್ಗಿ, ಪರಾಗವನ್ನು ಜೀರ್ಣಿಸಿಕೊಳ್ಳುವ ಶಕ್ತಿಯೂ ಕ್ಷೀಣಿಸಿ, ನೊಣವು ಹೊರಗಿನ ದುಡಿಮೆಗೆ ಹೊರಡುತ್ತದೆ. ಹೂವಿನ ಮೇಲೆ ನಾವು ಕಾಣುವುದು ಈ ಹಿರಿಯ ನೊಣವನ್ನೇ. ಅದರ ಹೊಟ್ಟೆಪಾಡು ಮಕರಂದದಿಂದಲೇ ಬಹುಮಟ್ಟಿಗೆ ನಡೆಯುವುದು. ಸಸಾರಜನಕದ ಅಲ್ಪಾಂಶವನ್ನು ಮನೆಯಲ್ಲಿರುವ ದಾದಿಯರೇ ತಮ್ಮ ರಸದ ರೂಪದಲ್ಲಿ ಅದಕ್ಕೆ ಉಣಿಸುವರು. ತಾನು ತಿನ್ನದ ಪದಾರ್ಥದ ಗುಣವನ್ನು, ತಿನ್ನುವವರ ಅಗತ್ಯಕ್ಕೆ ಹೊಂದಿಸಿ ಆರಿಸಬೇಕಾದ ಹೊಣೆ ಈ ಹೊರಗಿನ ದುಡಿಮೆಗಾರರದು.

ಆರಿಸುವುದಕ್ಕೆ ಅವುಗಳಿಗಿರುವ ಸಾಧನಗಳೇನು? ಹೂವಿನ ದಳಗಳ ಮೇಲಿರುವ ಗೆರೆ ಚುಕ್ಕೆಗಳು ಬರಿಯ ಅಲಂಕಾರವಲ್ಲ, ಮಕರಂದದ ದಾರಿ ತೋರುವ ಗುರುತುಗಳೆಂದು ಜರ್ಮನಿಯ ಸ್ಪ್ರೆಂಗೆಲ್ 1793ರಲ್ಲಿಯೇ ಬರೆದಿದ್ದರು. ನೊಣಕ್ಕೆ ವರ್ಣಜ್ಞಾನವುಂಟೆಂಬುದನ್ನು ಕಾರ್ಲ್ ಫಾನ್ ಫ್ರಿಷ್ 1914ರಲ್ಲಿ ಪ್ರಯೋಗದಿಂದ ಸ್ಥಾಪಿಸಿದರು: ನೀಲಿಯ ಹಲಗೆಯ ಮೇಲೆ ಸಕ್ಕರೆನೀರನ್ನಿಟ್ಟು ಅಭ್ಯಾಸ ಮಾಡಿಸಿದ ನೊಣಗಳು, ಬಗೆಬಗೆಯ ಬೂದುಬಣ್ಣದ ಹಲಗೆಗಳ ನಡುವೆ ಸಕ್ಕರೆಯಿಲ್ಲದ ನೀಲಿಯನ್ನೇ ಗುರುತಿಸಿ ಬಂದು ಕುಳಿತವು. ನಮಗೆ ಕಾಣದ ಅತಿನೇರಿಳೆ ಬೆಳಕು ಅವುಗಳಿಗೆ ಕಾಣುವುದು. ನಮಗೆ ಎದ್ದುಕಾಣುವ ಕೆಂಪು ಅವುಗಳಿಗೆ ಬಣ್ಣವಾಗಿ ತೋರದು. ಆದರೆ ಬಣ್ಣವು ಹೂವಿದೆಯೆಂಬುದನ್ನು ತಿಳಿಸುವುದೇ ಹೊರತು ಅದರೊಳಗೆ ಏನಿದೆಯೆಂಬುದನ್ನಲ್ಲ. ಆ ಕೆಲಸ ವಾಸನೆಯದು, ರುಚಿಯದು. 2006ರಲ್ಲಿ ಜೇನ್ನೊಣದ ವಂಶವಾಹಿಗಳ ಸಂಪೂರ್ಣ ನಕ್ಷೆ ಸಿದ್ಧವಾದಾಗ, ವಾಸನೆಯನ್ನು ಗ್ರಹಿಸುವ ಗ್ರಾಹಕಗಳ ವಂಶವಾಹಿಗಳು ಸುಮಾರು 170 ಇರುವುದೂ, ರುಚಿಯವು ಹತ್ತೇ ಇರುವುದೂ ತಿಳಿದುಬಂತು. ಇದರಿಂದ ಒಂದು ಅನುಮಾನಕ್ಕೆ ಎಡೆಯುಂಟು: ನೊಣವು ಸಾವಿರ ಬಗೆಯ ಹೂಗಳನ್ನು ಪರಿಮಳದಿಂದ ಪ್ರತ್ಯೇಕಿಸಿ ನೆನಪಿನಲ್ಲಿಡಬಲ್ಲದು, ಆದರೆ ನಾಲಗೆಯಿಟ್ಟ ಮಾತ್ರಕ್ಕೆ ಆಹಾರದ ಗುಣಾವಗುಣಗಳನ್ನೆಲ್ಲ ಅಳೆಯುವ ಸಾಮರ್ಥ್ಯ ಅದಕ್ಕೆ ಮಿತವಾದುದು.

ಸಿಹಿಯ ಮಟ್ಟಿಗಂತೂ ಆ ಅಳತೆ ಬಹು ಸೂಕ್ಷ್ಮವಾದುದು. ಮೀಸೆಯ ತುದಿಯಿಂದಲೂ ಮುಂಗಾಲಿನ ತುದಿಯಿಂದಲೂ ಸಕ್ಕರೆಯನ್ನು ರುಚಿನೋಡುವ ನೊಣವು, ಮಕರಂದ ಎಷ್ಟು ಗಟ್ಟಿ, ಎಷ್ಟು ದೂರದಲ್ಲಿದೆ, ಅದನ್ನು ಹೀರಲು ಎಷ್ಟು ಶ್ರಮ, ಎಂಬ ಮೂರನ್ನೂ ಕೂಡಿಸಿ, ಸವೆಸಿದ ಶಕ್ತಿಗೆ ಪ್ರತಿಯಾಗಿ ಬಂದ ಶಕ್ತಿಯನ್ನು ತೂಗಿ ನೋಡುತ್ತದೆ. ಹೂಗಳ ನಡುವಣ ಅಂತರ ಹೆಚ್ಚಾದಲ್ಲಿ ಹೊಟ್ಟೆ ತುಂಬುವ ಮೊದಲೇ, ಹೊರೆಯ ಭಾರ ಹಾರಾಟವನ್ನು ದುಬಾರಿ ಮಾಡೀತೆಂಬಂತೆ, ಮನೆಗೆ ಹಿಂತಿರುಗುವುದೂ ಉಂಟು. ಮನೆಗೆ ಬಂದ ಮೇಲೆ ಅದರ ಸರಕಿಗೆ ಮತ್ತೊಂದು ಪರೀಕ್ಷೆ ಕಾದಿದೆ. ದ್ವಾರದ ಒಳಗಡೆ, ಎರಿಯ ಕೆಳಭಾಗದಲ್ಲಿ, ಸರಕನ್ನು ಇಳಿಸಿಕೊಳ್ಳುವ ಕಿರಿಯ ನೊಣಗಳಿರುತ್ತವೆ. ಬಂದ ನೊಣವು ದವಡೆಗಳನ್ನು ಅಗಲಿಸಿ ಮಕರಂದದ ಹನಿಯೊಂದನ್ನು ಬಾಯಿಗೆ ತಂದು ಹಿಡಿಯುವುದು. ಎದುರಿನ ನೊಣವು ತನ್ನ ಹೀರುಕೊಳವೆಯನ್ನು ಉದ್ದಕ್ಕೆ ಚಾಚಿ ಆ ಹನಿಯೊಳಗಿಟ್ಟು ಹೀರುವುದು. ಆ ಹೊತ್ತಿನಲ್ಲಿ ಎರಡರ ಮೀಸೆಗಳೂ ಒಂದನ್ನೊಂದು ಎಡೆಬಿಡದೆ ತಡವುತ್ತಿರುವವು. ಈ ಇಳುಹುವಿಕೆ ಕೂಡಲೆ ನಡೆದರೆ, ಮನೆಗೆ ಸರಕು ಬೇಕಾಗಿದೆಯೆಂದು ಅರ್ಥ. ತೆಗೆದುಕೊಳ್ಳುವವರಿಗಾಗಿ ಬಹಳ ಹೊತ್ತು ಅಲೆಯಬೇಕಾದರೆ, ಮನೆಯಲ್ಲಿ ಸರಕು ಮಿಕ್ಕಿದೆಯೆಂದು ಅರ್ಥ. ಕಣಜ ನೋಡಹೋಗದೆಯೇ ಮನೆಯ ಸ್ಥಿತಿಯನ್ನು ನೊಣವು ಹೀಗೆ ತಿಳಿಯುತ್ತದೆಂಬುದನ್ನು ಸೀಲಿಯವರು ದೀರ್ಘವಾದ ಪ್ರಯೋಗಗಳಿಂದ ತೋರಿಸಿದ್ದಾರೆ.

ತಿಳಿದುದನ್ನು ಅದು ನರ್ತನದ ಮೂಲಕ ಸಾರುತ್ತದೆ. ಹೂವಿನ ನೆಲೆಯ ದಿಕ್ಕನ್ನೂ ದೂರವನ್ನೂ ನೊಣವು ಎರಿಯ ಮೇಲೆ ಕುಣಿದು ತಿಳಿಸುವುದೆಂಬ ಫಾನ್ ಫ್ರಿಷ್‌ರ ಶೋಧನೆ ಜಗತ್ಪ್ರಸಿದ್ಧವಾದುದು. 1973ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಸಂದಿತು. ನಮ್ಮ ವಿಷಯಕ್ಕೆ ಮುಖ್ಯವಾದುದು, ಆ ನರ್ತನ ಎಲ್ಲ ಹೂವಿಗೂ ನಡೆಯುವುದಿಲ್ಲವೆಂಬುದು. ಫಾನ್ ಫ್ರಿಷ್‌ರ ಶಿಷ್ಯರಾದ ಮಾರ್ಟಿನ್ ಲಿಂಡೌವರ್ ಕಂಡುಕೊಂಡಂತೆ, ಸುಗ್ಗಿಯ ಕಾಲದಲ್ಲಿ ತೆಳು ಸಕ್ಕರೆನೀರನ್ನು ತಂದ ನೊಣವು ಕುಣಿಯದೆ ಸುಮ್ಮನಿರುವುದು. ಬರದ ಕಾಲದಲ್ಲಾದರೋ ಅದೇ ತೆಳು ನೀರಿಗೆ ಹುರುಪಿನಿಂದ ಕುಣಿಯುವುದು. ಹೂವಿನ ಬೆಲೆ ಹೂವಿನಲ್ಲಿಯೇ ನಿಂತದ್ದಲ್ಲ. ಮನೆಯ ಅಗತ್ಯಕ್ಕೆ ತಕ್ಕಂತೆ ಏರಿಳಿಯುವಂಥದು. ಎಲ್ಲಿಯೂ ಒಬ್ಬ ಯಜಮಾನನಿಲ್ಲದೆ, ಆಜ್ಞೆಯಿಲ್ಲದೆ, ಸಾವಿರಾರು ನೊಣಗಳು ಒಂದೊಂದು ಬೆಳಗಿನಲ್ಲಿಯೂ ಒಳ್ಳೆಯ ಹೂವಿನ ಕಡೆಗೆ ಹೆಚ್ಚಾಗಿಯೂ ಸಾಧಾರಣ ಹೂವಿನ ಕಡೆಗೆ ಕಡಮೆಯಾಗಿಯೂ ಹಂಚಿಹೋಗುವುದು ಈ ಏರಿಳಿತದಿಂದಲೇ.

ಪರಾಗದ ಮಾತು ಇನ್ನೂ ಸ್ವಾರಸ್ಯವಾದುದು. ಕರಾವಳಿಯ ತೋಟದ ಅಂಚುಗಳಲ್ಲಿ, ಮಳೆ ಸ್ವಲ್ಪ ಹೊಳವಾದ ಬೆಳಗಿನಲ್ಲಿ, ಮುಟ್ಟಿದರೆ ಮುನಿಯ ಗುಲಾಬಿ ಬಣ್ಣದ ಗುಂಡುಹೂಗಳ ಮೇಲೆ ತುಡುವೆಯು ದುಡಿಯುವುದನ್ನು ಹತ್ತಿರದಿಂದ ನೋಡಬೇಕು. ಆ ಹೂವಿನಿಂದ ಅದಕ್ಕೆ ದೊರೆಯುವುದು ಮುಖ್ಯವಾಗಿ ಪರಾಗವೇ. ಎಳೆಎಳೆಯಾದ ಕೇಸರಗಳ ಮೇಲೆ ನೊಣವು ಅವಸರದಿಂದ ಸುತ್ತುವಾಗ ಮೈಯ ಕವಲೊಡೆದ ರೋಮಗಳಿಗೆಲ್ಲ ಪುಡಿ ಹತ್ತುವುದು. ಹಾರಾಟದಿಂದ ನೊಣದ ಮೈಗೆ ಬಂದಿರುವ ವಿದ್ಯುದಂಶವೂ ಪುಡಿಯನ್ನು ಸೆಳೆಯಲು ನೆರವಾಗುವುದು. ತರುವಾಯ ಅದು ಹೂವಿನಿಂದ ಮೇಲೆದ್ದು, ಗಾಳಿಯಲ್ಲಿ ನಿಂತಂತೆಯೇ, ಮುಂಗಾಲುಗಳಿಂದ ತಲೆಯನ್ನೂ ನಡುಗಾಲುಗಳಿಂದ ಎದೆಯನ್ನೂ ಬಾಚಿ, ಬಾಯಿಂದ ತಂದ ಮಕರಂದದ ತೇವದಲ್ಲಿ ಆ ಪುಡಿಯನ್ನು ನಾದಿ, ಹಿಂಗಾಲಿನ ಹೊರಮೈಯಲ್ಲಿರುವ ತಗ್ಗಿಗೆ ಒತ್ತುವುದು. ಅಲ್ಲಿ ನಡುವೆ ನಿಂತ ಒಂದು ಗಡುಸು ರೋಮದ ಸುತ್ತ ಉಂಡೆ ಬೆಳೆಯುತ್ತದೆ. ಎರಡು ಕಾಲಿನ ಎರಡು ಉಂಡೆಗಳನ್ನು ಹೊತ್ತು ಮನೆಗೆ ಬಂದ ನೊಣವು, ಮಕರಂದದಂತೆ ಅದನ್ನು ಮತ್ತೊಬ್ಬರಿಗೆ ಒಪ್ಪಿಸದೆ, ತಾನೇ ಮರಿಗಳ ಸಮೀಪದ ಕೋಣೆಯೊಂದನ್ನು ಹುಡುಕಿ, ಕಾಲುಗಳನ್ನು ಇಳಿಬಿಟ್ಟು ಉಂಡೆಗಳನ್ನು ಅದರೊಳಕ್ಕೆ ಕೆಡವುವುದು. ಒಳಗಿನ ನೊಣಗಳು ಜೇನು ಬೆರೆಸಿ, ತಲೆಯಿಂದ ಒತ್ತೊತ್ತಿ ಅದನ್ನು ಗಟ್ಟಿಮಾಡುತ್ತವೆ.

ಕೋಣೆಯನ್ನು ಹುಡುಕುವ ಈ ಅಲೆದಾಟದಲ್ಲಿಯೇ ಹೊರಗಿನ ನೊಣಕ್ಕೆ ಮನೆಯ ಹಸಿವಿನ ಪರಿಚಯವಾಗುವುದೆಂದು ತೋರುತ್ತದೆ. ಮರಿಹುಳುಗಳ ಮೈಯಿಂದ ಹೊರಡುವ ಒಂದು ಬಗೆಯ ವಾಸನೆಯ ವಸ್ತುಗಳು ಪರಾಗ ತರುವವರನ್ನು ಪ್ರಚೋದಿಸುತ್ತವೆ. ಮರಿಗಳು ಹೆಚ್ಚಿದಷ್ಟೂ ಆ ಪ್ರಚೋದನೆ ಹೆಚ್ಚು. ಪರಾಗ ತುಂಬಿದ ಕೋಣೆಗಳು ಹೆಚ್ಚಿದಷ್ಟೂ ಆ ಹುರುಪು ತಗ್ಗುವುದು. ದಾದಿಯರು ಹೊರಗಿನವರಿಗೆ ಉಣಿಸುವ ಪೋಷಕರಸವೂ ಒಂದು ಸೂಚನೆ: ಮನೆಯಲ್ಲಿ ಪರಾಗ ಸಾಕಷ್ಟಿದ್ದಾಗ ಆ ರಸ ಧಾರಾಳವಾಗಿ ದೊರೆಯುವುದು, ಕೊರತೆಯಾದಾಗ ಇದ್ದುದೆಲ್ಲ ಮರಿಗಳಿಗೇ ಸಂದು, ಹೊರಗಿನವರ ಪಾಲು ಕುಗ್ಗುವುದು, ಆಗ ಪರಾಗಕ್ಕಾಗಿ ಹೊರಡುವವರ ಸಂಖ್ಯೆ ಏರುವುದು. ಹೀಗೆ ಎಷ್ಟು ಪರಾಗ ಬೇಕೆಂಬುದನ್ನು ಕುಟುಂಬವು ಬಲು ಚೆನ್ನಾಗಿ ಬಲ್ಲದು. ಎಂತಹ ಪರಾಗ ಬೇಕೆಂಬುದನ್ನೂ ಅದು ಬಲ್ಲುದೇ?

ಈ ಪ್ರಶ್ನೆಗೆ ಪ್ರಯೋಗಗಳು ಕೊಟ್ಟಿರುವ ಉತ್ತರ ಒಂದೇ ತೆರನಾಗಿಲ್ಲ. ಸಸಾರಜನಕದ ಕೊರತೆಗೆ ಒಳಗಾದ ಕುಟುಂಬಗಳು ಉತ್ತಮವಾದ ಪರಾಗವನ್ನು ಹುಡುಕುವುದಕ್ಕಿಂತ, ಪರಾಗಕ್ಕೆ ಹೋಗುವವರ ಸಂಖ್ಯೆಯನ್ನೇ ಹೆಚ್ಚಿಸಿ ಕೊರತೆಯನ್ನು ತುಂಬಿಕೊಂಡವೆಂದು ಕೆನಡಾದಲ್ಲಿ ನಡೆದ ಅಧ್ಯಯನವೊಂದು 2001ರಲ್ಲಿ ತಿಳಿಸಿತು. ದಾದಿನೊಣಗಳು ತಮ್ಮೆದುರಿಗಿಟ್ಟ ಪರಾಗಗಳಲ್ಲಿ ಪುಷ್ಟಿಕರವಾದುದನ್ನೇ ಆರಿಸಿ ತಿನ್ನುವುದಿಲ್ಲವೆಂದು ಅಮೆರಿಕದ ಶೋಧಕರು 2018ರಲ್ಲಿ ವರದಿ ಮಾಡಿದರು. ಇವನ್ನಷ್ಟೇ ಓದಿದವರಿಗೆ, ನೊಣಕ್ಕೆ ಪುಷ್ಟಿಯ ವಿವೇಚನೆಯೇ ಇಲ್ಲವೆನಿಸೀತು. ಆದರೆ ಜೆರುಸಲೆಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಶರೋನಿ ಶಫೀರ್ ಮತ್ತು ಅವರ ಸಂಗಡಿಗರು ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಮುಂದಿಟ್ಟರು. ಯಾವುದಾದರೊಂದು ಅಗತ್ಯ ಪೋಷಕಾಂಶ ಕೊರತೆಯಾಗಿರುವ ಪರಾಗವನ್ನೇ ಒಂದು ಕುಟುಂಬಕ್ಕೆ ಕೆಲಕಾಲ ಉಣಿಸಿ, ಬಳಿಕ ಅದರ ದುಡಿಮೆಗಾರರ ಮುಂದೆ ಅದೇ ಪರಾಗವನ್ನೂ, ಆ ಕೊರತೆಯನ್ನು ನೀಗುವ ಇನ್ನೊಂದನ್ನೂ ಇಟ್ಟು ನೋಡಿದರು. 2016ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ನೊಣಗಳು ಒಲಿದುದು ಕೊರತೆಯನ್ನು ತುಂಬುವ ಪರಾಗಕ್ಕೆ. ಮರುವರ್ಷದ ಅಧ್ಯಯನವೊಂದರಲ್ಲಿ, ಕೊಬ್ಬಿನಾಮ್ಲದ ಕೊರತೆಯಿದ್ದ ಕುಟುಂಬದ ನೊಣಗಳು ಆ ಕೊರತೆಯನ್ನು ನೀಗುವ ಪರಾಗವನ್ನು ತಂದಾಗ ಹೆಚ್ಚು ಚುರುಕಾಗಿ ಕುಣಿದುದೂ ಕಂಡುಬಂತು. ಅತ್ಯುತ್ತಮವಾದ ಒಂದು ಪರಾಗವನ್ನು ನೊಣವು ಗುರುತಿಸಲಾರದಿರಬಹುದು; ಆದರೆ ಈಗಾಗಲೇ ಇರುವುದಕ್ಕಿಂತ ಬೇರೆಯಾದುದನ್ನು, ಇಲ್ಲದ್ದನ್ನು ತುಂಬುವುದನ್ನು ಅದು ಬಯಸುತ್ತದೆ. ಈ ಪ್ರಯೋಗಗಳೆಲ್ಲ ಯೂರೋಪಿನ ತಳಿಯ ಮೇಲೆ ನಡೆದವುಗಳಾದರೂ, ಕುಟುಂಬರಚನೆಯಲ್ಲಿಯೂ ನರ್ತನದಲ್ಲಿಯೂ ಆ ತಳಿಗೆ ಹತ್ತಿರದ ಬಂಧುವಾದ ನಮ್ಮ ತುಡುವೆಯನ್ನು ಅರಿಯಲು ಅವು ದಾರಿದೀಪವಾಗಿವೆ.

ಇಂತಹ ಸಮತೋಲ ಸಾಧ್ಯವಾಗುವುದು ದುಡಿಮೆಯ ಒಂದು ವಿಶಿಷ್ಟ ಹಂಚಿಕೆಯಿಂದ. ಒಂದು ಹಾರಾಟದಲ್ಲಿ ನೊಣವು ಒಂದೇ ಜಾತಿಯ ಹೂವಿಗೆ ಅಂಟಿಕೊಂಡಿರುವುದೆಂಬುದನ್ನು ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಗಮನಿಸಿದ್ದನು. ನುಗ್ಗೆಗೆ ಹೊರಟ ನೊಣ ನುಗ್ಗೆಯಿಂದ ನುಗ್ಗೆಗೆ ಹೋಗುವುದೇ ಹೊರತು ನಡುವೆ ಕುಂಬಳದ ಹೂವಿಗೆ ಎರಗುವುದು ಅಪರೂಪ. ಅದರಿಂದಲೇ ಗಿಡಕ್ಕೆ ತನ್ನ ಜಾತಿಯ ಪರಾಗ ತಲುಪುವುದು. ಒಂದೊಂದು ನೊಣದ ನಿಷ್ಠೆಯೂ ಹೀಗೆ ಏಕಮುಖವಾಗಿದ್ದರೂ, ಕುಟುಂಬದಲ್ಲಿ ಅಂಥ ನಿಷ್ಠೆಗಳು ಹಲವಾಗಿರುತ್ತವೆ. ಜೊತೆಗೆ, ನರ್ತನವನ್ನು ಅನುಸರಿಸದೆ ತಾವಾಗಿಯೇ ಹೊಸ ಹೂಗಳನ್ನು ಅರಸುತ್ತ ಅಲೆಯುವ ನೊಣಗಳೂ ಸದಾ ಕೆಲವಿರುತ್ತವೆ. ಆದುದರಿಂದ ಒಳ್ಳೆಯ ಕಾಲದಲ್ಲಿ ಪೆಟ್ಟಿಗೆಯ ಎರಿಯೊಂದನ್ನು ಎತ್ತಿ ಬಿಸಿಲಿಗೆ ಹಿಡಿದರೆ, ಅಕ್ಕಪಕ್ಕದ ಕೋಣೆಗಳಲ್ಲಿ ಹಳದಿ, ಕಿತ್ತಳೆ, ಕಂದು, ಬೂದು ಬಣ್ಣದ ಪರಾಗಗಳು ಪದರಪದರವಾಗಿ ಕಾಣುವುವು. ನಿಪುಣನಾದ ಜೇನುಸಾಕಣೆಗಾರನು ಆ ಬಣ್ಣಗಳನ್ನು ನೋಡಿಯೇ ಸುತ್ತಲ ಸೀಮೆಯಲ್ಲಿ ಯಾವ ಯಾವ ಹೂ ಅರಳಿದೆಯೆಂದು ಹೇಳಬಲ್ಲನು.

ಪರಾಗದಲ್ಲಿ ದೊರೆಯದ ಕೆಲವು ಅಂಶಗಳನ್ನು ನೊಣವು ನೀರಿನಲ್ಲಿ ಅರಸುವುದೂ ಉಂಟು. ತಿಳಿಯಾದ ನೀರು ಪಕ್ಕದಲ್ಲಿಯೇ ಇದ್ದರೂ ಬಚ್ಚಲ ಕಾಲುವೆಯ ಅಂಚಿನಲ್ಲಿ, ದನದ ಕೊಟ್ಟಿಗೆಯ ತೇವದಲ್ಲಿ ನೊಣಗಳು ಕುಳಿತಿರುವುದನ್ನು ಹಳ್ಳಿಗರು ಕಂಡಿರುತ್ತಾರೆ. ಇದು ಶುಚಿತ್ವದ ಅರಿವಿಲ್ಲದ ಅಲೆದಾಟವಲ್ಲ, ಉಪ್ಪಿನ ಅನ್ವೇಷಣೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಶೋಧಕರು 2017ರಲ್ಲಿ ತಿಳಿಸಿದಂತೆ, ಉಪ್ಪಿನಲ್ಲಿರುವ ಸೋಡಿಯಮ್ಮನ್ನು ನೊಣಗಳು ಋತುಭೇದವಿಲ್ಲದೆ ಬಯಸುವುವು. ಕ್ಯಾಲ್ಸಿಯಮ್, ಮೆಗ್ನೀಸಿಯಮ್, ಪೊಟಾಸಿಯಮ್‌ಗಳನ್ನಾದರೋ, ಅವು ಧಾರಾಳವಾಗಿರುವ ಪರಾಗ ಅಪರೂಪವಾಗತೊಡಗಿದ ಶರತ್ಕಾಲದಲ್ಲಿಯೇ ನೀರಿನಲ್ಲಿ ಹುಡುಕುವುವು. ಹೂವು ಕೊಡದುದನ್ನು ಕೊಚ್ಚೆಯಿಂದಾದರೂ ತುಂಬಿಕೊಳ್ಳುವ ಈ ಎಚ್ಚರ ಮೆಚ್ಚತಕ್ಕುದಲ್ಲವೆ?

ಇಷ್ಟು ಎಚ್ಚರವಿದ್ದರೂ ನೊಣದ ಆಯ್ಕೆ ತಪ್ಪದೆಂದು ಭಾವಿಸಲಾಗದು. ಹೂವಿಗೂ ತನ್ನದೇ ಆದ ಹಿತವುಂಟು. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಹೂಮಳೆ ಬಿದ್ದ ಕೆಲವು ದಿನಗಳಿಗೆ ಕೊಡಗು ಚಿಕ್ಕಮಗಳೂರುಗಳ ಕಾಫಿತೋಟಗಳು ಒಮ್ಮೆಗೇ ಬಿಳಿಯ ಹೂ ತಳೆದಾಗ ಹೆಜ್ಜೇನೂ ತುಡುವೆಯೂ ಮುತ್ತಿಕೊಳ್ಳುವುದನ್ನು ಆ ಸೀಮೆಯವರೆಲ್ಲ ಬಲ್ಲರು. ಕಾಫಿಯ ಮತ್ತು ನಿಂಬೆ ಕಿತ್ತಳೆಯ ಜಾತಿಯ ಹೂಗಳ ಮಕರಂದದಲ್ಲಿ ಕೆಫೀನ್ ಇರುವುದೆಂದೂ, ಆ ಅಲ್ಪಾಂಶವು ನೊಣದ ನೆನಪನ್ನು ಬಲಪಡಿಸಿ ಆ ಪರಿಮಳವನ್ನು ಮರೆಯದಂತೆ ಮಾಡುವುದೆಂದೂ ಜೆರಾಲ್ಡಿನ್ ರೈಟ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ನಡೆದ ಪ್ರಯೋಗವು ಇನ್ನೂ ಮುಂದೆ ಹೋಗಿ, ಕೆಫೀನ್ ಬೆರೆತ ಸಕ್ಕರೆನೀರನ್ನುಂಡ ನೊಣಗಳು ಅದರ ನಿಜವಾದ ಬೆಲೆಗಿಂತ ಹೆಚ್ಚಾಗಿ ಕುಣಿದು ಬಂಧುಗಳನ್ನು ಕರೆದುವೆಂದೂ, ಸಕ್ಕರೆ ಬರಿದಾದ ಮೇಲೂ ಅದೇ ಎಡೆಗೆ ಮರಳಿ ಮರಳಿ ಬಂದುವೆಂದೂ ತಿಳಿಸಿತು. ಹೂವು ನೊಣವನ್ನು ತನ್ನ ಕಡೆಗೆ ಒಲಿಸಿಕೊಳ್ಳಲು ಯತ್ನಿಸುವುದು ನಿಸರ್ಗದಲ್ಲಿ ನಡೆದೇ ಇರುವ ವ್ಯವಹಾರ. ಸುತ್ತಲೂ ಬೇರೆ ಹೂಗಳಿರುವವರೆಗೆ ಇದರಿಂದ ಕುಟುಂಬಕ್ಕೆ ದೊಡ್ಡ ಹಾನಿಯಾಗಲಾರದು. ಏಕೆಂದರೆ ಒಂದು ಗುಂಪಿನ ಮೋಹವನ್ನು ಇನ್ನೊಂದು ಗುಂಪಿನ ದುಡಿಮೆ ಸರಿದೂಗಿಸುವುದು.

ಹೀಗೆ ನೋಡಿದಾಗ, ಜೇನುಕುಟುಂಬದ ವಿವೇಕವೆಂಬುದು ಆಯ್ಕೆಯ ವಿವೇಕ. ಮತ್ತು ಆಯ್ಕೆ ಎಂಬುದು ಆರಿಸಲು ಹಲವಿದ್ದಾಗ ಮಾತ್ರ ಅರ್ಥವುಳ್ಳದ್ದು. ನಮ್ಮ ಮಲೆನಾಡು ಕರಾವಳಿಗಳ ಹಳೆಯ ಭೂದೃಶ್ಯವು ಈ ಹಲವನ್ನು ಋತುವಿಗೆ ತಕ್ಕಂತೆ ಒದಗಿಸುತ್ತಿತ್ತು. ಬೇಸಗೆಯಲ್ಲಿ ನೇರಳೆ, ಹೊಂಗೆಗಳ ಮಕರಂದ, ಬೇಲಿಯ ಸೀಗೆ, ಮಳೆಗಾಲದಲ್ಲಿ ಮುಟ್ಟಿದರೆ ಮುನಿಯ ಮತ್ತು ಇತರ ನೆಲಗಿಡಗಳ ಪರಾಗ, ವರ್ಷವಿಡೀ ತೆಂಗು, ಕೆಲವು ವರ್ಷಗಳಿಗೊಮ್ಮೆ ಘಟ್ಟದ ತಪ್ಪಲುಗಳನ್ನೇ ಮುಚ್ಚಿ ಅರಳುವ ಗುರಿಗೆ. ಬಯಲುಸೀಮೆಯಲ್ಲಿಯೂ ರಾಗಿಯ ಹೊಲದ ಸಾಲುಗಳಲ್ಲಿ ಹುಚ್ಚೆಳ್ಳು, ಅಂಚಿನಲ್ಲಿ ಬೇವು, ಹುಣಸೆ, ಬದುವಿನಲ್ಲಿ ತುಂಬೆ ಇದ್ದುವು. ಈ ವೈವಿಧ್ಯವು ತೆಳುವಾದಂತೆಲ್ಲ ನೊಣವು ಮಾಡಬಹುದಾದ ಆಯ್ಕೆಯೂ ತೆಳುವಾಗಿದೆ. ರಬ್ಬರಿನ ತೋಟ ಇದಕ್ಕೆ ಒಳ್ಳೆಯ ದೃಷ್ಟಾಂತ. ಎಲೆಯುದುರಿದ ಮೇಲೆ ಹೊಸ ಚಿಗುರು ಬರುವಾಗ, ಹೂವಿನಲ್ಲಿ ಅಲ್ಲ, ಎಲೆಯ ತೊಟ್ಟಿನ ತುದಿಯಲ್ಲಿಯೇ ಅದು ಮಕರಂದವನ್ನು ಸ್ರವಿಸುತ್ತದೆ. ಜೇನು ಧಾರಾಳವಾಗಿ ದೊರೆಯುತ್ತದೆ. ಆದರೆ ಎಲೆಯ ತೊಟ್ಟಿನಲ್ಲಿ ಪರಾಗವಿಲ್ಲ. ಪೆಟ್ಟಿಗೆಯ ಜೇನುಕೋಣೆ ತುಂಬುತ್ತಿರುವಾಗಲೇ ಮರಿಗಳಿರುವ ಸಂಸಾರಕೋಣೆಯಲ್ಲಿ ಕೊರತೆ ಕಾಣಿಸಿಕೊಳ್ಳಬಹುದು. ಸುತ್ತಲ ತೆಂಗು, ಅಡಿಕೆ, ಕಾಡುಗಿಡಗಳು ಆ ಕೊರತೆಯನ್ನು ನೀಗಬೇಕು.

ಮಳೆಗಾಲದ ಕ್ಷಾಮ ಇನ್ನೊಂದು ದೃಷ್ಟಾಂತ. ಜೂನಿನಿಂದ ಸೆಪ್ಟೆಂಬರಿನವರೆಗೆ ಎಡೆಬಿಡದೆ ಮಳೆ ಹೊಯ್ಯುವ ಸೀಮೆಗಳಲ್ಲಿ ನೊಣಗಳು ಹೊರಗೆ ಹೋಗಲಾರವು, ಹೋದರೂ ಹೂ ಕಡಮೆ. ಆಗ ಸಾಕಣೆಗಾರರು ಸಕ್ಕರೆಪಾಕವನ್ನಿಟ್ಟು ಕುಟುಂಬವನ್ನು ಉಳಿಸಿಕೊಳ್ಳುವುದು ವಾಡಿಕೆ. ಅದು ಅವಶ್ಯವಾದ ಉಪಕಾರವೂ ಅಹುದು. ಪಾಕವು ನೊಣಗಳ ಪ್ರಾಣವನ್ನು ಹಿಡಿದಿಡುತ್ತದೆ. ಆದರೆ ಪರಾಗವಿಲ್ಲದಿದ್ದರೆ ದಾದಿಯರ ಗ್ರಂಥಿಗಳು ಬತ್ತುತ್ತವೆ, ರಾಣಿ ಮೊಟ್ಟೆಯಿಡುವುದನ್ನು ತಗ್ಗಿಸುತ್ತಾಳೆ, ಹಳೆಯ ನೊಣಗಳು ಸಾಯುತ್ತಿರುವಾಗ ಹೊಸವು ಹುಟ್ಟುವುದಿಲ್ಲ. ಕಡೆಗೆ ಪೆಟ್ಟಿಗೆಯನ್ನೇ ಬಿಟ್ಟು ಕುಟುಂಬ ಪರಾರಿಯಾಗುವುದೂ ಉಂಟು. ಪಾಕವಿಟ್ಟರೂ ನೊಣ ನಿಲ್ಲಲಿಲ್ಲವೆಂದು ಹಲುಬುವ ಸಾಕಣೆಗಾರನು ಎರಿಯಲ್ಲಿ ಜೇನಿದೆಯೇ ಎಂಬುದರೊಡನೆ ಪರಾಗವಿದೆಯೇ ಎಂಬುದನ್ನೂ ನೋಡುವ ಅಭ್ಯಾಸ ಮಾಡಿಕೊಂಡರೆ, ಕಾರಣ ಅನೇಕ ವೇಳೆ ಕಣ್ಣಿಗೆ ಬಿದ್ದೀತು.

ವೈವಿಧ್ಯಕ್ಕೂ ಆರೋಗ್ಯಕ್ಕೂ ಇರುವ ಸಂಬಂಧ ಪ್ರಯೋಗಗಳಿಂದಲೂ ತಿಳಿದುಬಂದಿದೆ. ಫ್ರಾನ್ಸಿನ ಆವಿನ್ಯೋನ್ ನಗರದ ಕೃಷಿಸಂಶೋಧಕರು 2010ರಲ್ಲಿ, ಒಂದೇ ಹೂವಿನ ಪರಾಗವನ್ನುಂಡ ನೊಣಗಳಿಗಿಂತ ಹಲವು ಹೂಗಳ ಬೆರಕೆಯನ್ನುಂಡ ನೊಣಗಳಲ್ಲಿ, ಮರಿಗಳ ಆಹಾರವನ್ನು ಸೋಂಕಿನಿಂದ ಕಾಪಾಡಲು ನೆರವಾಗುವ ಒಂದು ಕಿಣ್ವದ ಚಟುವಟಿಕೆ ಹೆಚ್ಚಿರುವುದನ್ನು ಕಂಡರು. ಒಮೇಗಾ-3ರ ಕೊರತೆಯಿದ್ದ ನೊಣಗಳು ವಾಸನೆಯನ್ನು ಕಲಿಯುವುದರಲ್ಲಿಯೇ ಹಿಂದೆಬಿದ್ದುವೆಂದು ಶಫೀರ್ ಮತ್ತು ಸಂಗಡಿಗರು 2015ರಲ್ಲಿ ತಿಳಿಸಿದರು; ಆ ಅಂಶದಲ್ಲಿ ಬಡವಾದ ಪರಾಗಗಳಲ್ಲಿ, ನಾವು ಎಕರೆಗಟ್ಟಲೆ ನೆಟ್ಟಿರುವ ನೀಲಗಿರಿಯದೂ ಒಂದು. ಹೂವನ್ನು ಆರಿಸುವ ಬುದ್ಧಿಯೇ ಆರಿಸಿದ ಹೂವಿನಿಂದ ಪೋಷಣೆ ಪಡೆಯಬೇಕಾಗಿದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಈಗ ಆಕ್ಸ್‌ಫರ್ಡಿನಲ್ಲಿರುವ ಜೆರಾಲ್ಡಿನ್ ರೈಟ್ ಮತ್ತು ಸಂಗಡಿಗರು 2025ರಲ್ಲಿ, ಪರಾಗದ ಆರು ಮುಖ್ಯ ಸ್ಟೆರಾಲುಗಳನ್ನು ಯೀಸ್ಟಿನಲ್ಲಿ ಉತ್ಪಾದಿಸಿ ಕೃತಕಾಹಾರದಲ್ಲಿ ಬೆರೆಸಿ ಕೊಟ್ಟಾಗ, ಅವಿಲ್ಲದ ಆಹಾರವನ್ನುಂಡ ಕುಟುಂಬಗಳಿಗಿಂತ 15 ಪಟ್ಟಿನವರೆಗೆ ಹೆಚ್ಚು ಮರಿಗಳು ಕೋಶಾವಸ್ಥೆಯನ್ನು ತಲುಪಿದುವೆಂದು ಪ್ರಕಟಿಸಿದ್ದಾರೆ. ಇದು ಅಭಿನಂದನೀಯವಾದ ಸಾಧನೆ. ಕ್ಷಾಮಕಾಲಕ್ಕೆ ಇದರಿಂದ ನೆರವಾಗಬಹುದು. ಆದರೆ ಹೆಜ್ಜೇನಿಗೆ, ಕೋಲುಜೇನಿಗೆ, ಮುಜಂಟಿಗೆ, ಕಾಡಿನ ಪೊಟರೆಯಲ್ಲಿ ವಾಸಿಸುವ ತುಡುವೆಗೆ ಯಾವ ಸಾಕಣೆಗಾರನೂ ತಟ್ಟೆಯಿಟ್ಟು ಉಣಿಸಲಾರನು. ಅವುಗಳ ಪಾಲಿಗೆ ಹೂವೇ ಗತಿ.

ಮಾಡಬೇಕಾದುದು ದೊಡ್ಡದೇನೂ ಅಲ್ಲ. ತೋಟದ ಬೇಲಿಯನ್ನು ತಂತಿಯದಾಗಿ ಮಾಡದೆ ಸೀಗೆ, ಹೊಂಗೆ, ನೇರಳೆಗಳಿಗೆ ಎಡೆಗೊಡುವುದು. ಅಂಗಳದ ಚಪ್ಪರಕ್ಕೆ ಆಂಟಿಗೋನನ್ ಬಳ್ಳಿಯನ್ನು ಹಬ್ಬಿಸುವುದು, ಹಿತ್ತಿಲಲ್ಲಿ ನುಗ್ಗೆ, ಸೀಬೆ, ಕುಂಬಳಗಳನ್ನು ಬೆಳೆಯುವುದು. ರಾಗಿಯ ನಡುವಣ ಹುಚ್ಚೆಳ್ಳಿನ ಸಾಲನ್ನು ಲಾಭವಿಲ್ಲವೆಂದು ಕೈಬಿಡದಿರುವುದು. ಕಳೆಯೆಂಬ ಕಾರಣಕ್ಕೆ ಬದುವಿನ ಹೂಗಿಡಗಳನ್ನೆಲ್ಲ ಔಷಧಿ ಹೊಡೆದು ಸುಡದೆ, ಮಳೆಗಾಲದ ಮಟ್ಟಿಗಾದರೂ ಒಂದಷ್ಟನ್ನು ಉಳಿಸುವುದು. ಸಾಲುಮರಗಳನ್ನು ನೆಡುವ ಇಲಾಖೆಗಳೂ ಪಂಚಾಯಿತಿಗಳೂ ಒಂದೇ ಜಾತಿಯನ್ನು ಮೈಲುಗಟ್ಟಲೆ ನೆಡುವ ಬದಲು, ತಿಂಗಳಿಗೊಂದು ಮರವಾದರೂ ಹೂವಿನಲ್ಲಿರುವಂತೆ ಹತ್ತಾರು ಜಾತಿಗಳನ್ನು ಆರಿಸುವುದು. ಯಾವ ಹೂವಿನಲ್ಲಿ ಯಾವ ಪೋಷಕಾಂಶ ಎಷ್ಟಿದೆಯೆಂದು ಅಳೆದು ಬಡಿಸುವ ಶ್ರಮ ನಮಗೆ ಬೇಕಾಗಿಲ್ಲ. ಕೋಟ್ಯಂತರ ವರ್ಷಗಳಿಂದ ಆ ಲೆಕ್ಕವನ್ನು ತಾನೇ ನಡೆಸಿಕೊಂಡು ಬಂದಿರುವ ಜೇನುಕುಟುಂಬಕ್ಕೆ, ಆರಿಸಿಕೊಳ್ಳುವಷ್ಟು ಬಗೆಯ ಹೂಗಳನ್ನು ಉಳಿಸಿಕೊಟ್ಟರೆ ಸಾಕು, ಉಳಿದುದನ್ನು ಅದು ನೋಡಿಕೊಳ್ಳುತ್ತದೆ.